ತಪ್ಪಾಯಿತು ಎನ್ನುವವರ ಸಾಲು

ನಮ್ಮ ಊರಿನಲ್ಲಿ ಇರುವುದು ಒಂದೇ ಕಟ್ಟಳೆ. ಯಾವ ಪ್ರಾಣಿಯಿಂದ ಏನನ್ನು ತೆಗೆದುಕೊಳ್ಳುವುದಾದರೂ ಮೊದಲು ಅದರ ಎದುರು ನಿಂತು, ಅದರ ಕಣ್ಣು ನೋಡಿ, "ತಪ್ಪಾಯಿತು" ಎನ್ನಬೇಕು. ಅಂದ ಮೇಲೆ ತೆಗೆದುಕೊಳ್ಳಬಹುದು. ಅನ್ನದೆ ತೆಗೆದುಕೊಂಡವನು ಕಳ್ಳ.

ಎಮ್ಮೆಗೆ ಹಾಲಿಗಾಗಿ ತಪ್ಪಾಯಿತು. ಕೋಳಿಗೆ ಮೊಟ್ಟೆಗಾಗಿ ತಪ್ಪಾಯಿತು. ಕುರಿಗೆ ಉಣ್ಣೆಗಾಗಿ, ಎತ್ತಿಗೆ ನೊಗಕ್ಕಾಗಿ, ಜೇನಿಗೆ ತುಪ್ಪಕ್ಕಾಗಿ ತಪ್ಪಾಯಿತು. ಕಟುಕನ ತಪ್ಪಾಯಿತು ಎಲ್ಲಕ್ಕಿಂತ ಉದ್ದ. ಅದಕ್ಕೆ ಅವನ ಮುತ್ತಜ್ಜ ರಾಗ ಹಾಕಿದ್ದ. ಅದನ್ನು ಕೇಳಲೆಂದೇ ಪರವೂರಿನವರು ಬರುತ್ತಿದ್ದರು. ಕೇಳಿ, ಕಣ್ಣೊರೆಸಿಕೊಂಡು, ಊಟ ಮುಗಿಸಿಕೊಂಡು ಹೋಗುತ್ತಿದ್ದರು. ಜೇನುಹುಳದ ಕಣ್ಣು ನೋಡುವುದು ಹೇಗೆ ಎಂದು ಹಿಂದೊಬ್ಬ ಕೇಳಿದ್ದನಂತೆ. ಹತ್ತಿರ ಹೋಗಿ ನೋಡು ಎಂದರಂತೆ ಹಿರಿಯರು. ಅವನ ಮುಖದ ಊತ ವಾರಗಟ್ಟಲೆ ಇಳಿಯಲಿಲ್ಲ. ಕಟ್ಟಳೆ ಎಂದರೆ ಕಟ್ಟಳೆ.

ಬೆಳಗಾದರೆ ಊರಿಗೆ ಊರೇ ಕೊಟ್ಟಿಗೆಯ ಮುಂದೆ ಸಾಲು ನಿಲ್ಲುತ್ತಿತ್ತು. ಎಲ್ಲರಿಗೂ ಸೇರಿ ಒಂದೇ ಕೊಟ್ಟಿಗೆ, ಅದರ ಬಾಗಿಲಿಗೆ ಅಡ್ಡವಾಗಿ ಒಂದು ಹಗ್ಗ. ಹಗ್ಗದ ಆಚೆ ಎಮ್ಮೆಗಳು, ಈಚೆ ನಾವು, ನಮ್ಮ ಕೈಯಲ್ಲಿ ಚೊಂಬು. ಒಬ್ಬೊಬ್ಬರೇ ಹಗ್ಗದ ಬಳಿ ಹೋಗುವುದು, ಕಣ್ಣು ನೋಡುವುದು, ತಪ್ಪಾಯಿತು ಅನ್ನುವುದು, ಚೊಂಬು ಒಳಗೆ ಕೊಡುವುದು. ಒಳಗೆ ಹಾಲು ಹಿಂಡುವವನು ತಾನೂ ಒಮ್ಮೆ ತಪ್ಪಾಯಿತು ಎಂದು ಕೆಚ್ಚಲಿಗೆ ಕೈ ಹಾಕುತ್ತಿದ್ದ. ಚೊಂಬಿಗೊಂದರಂತೆ ದಿನಕ್ಕೆ ನಲವತ್ತು ಸಲ. ಇಷ್ಟು ವಿನಯದ ಊರು ಇನ್ನೊಂದಿಲ್ಲ ಎಂದು ನಮಗೆ ಬಹಳ ಹೆಮ್ಮೆ. ವಿನಯದ ಬಗ್ಗೆ ಹೆಮ್ಮೆ ಪಡುವುದು ಹೇಗೆಂದು ನಮ್ಮನ್ನು ನೋಡಿಯೇ ಕಲಿಯಬೇಕು.

ಹಾಲು ಹಿಂಡುವವನ ಹೆಂಡತಿಗೂ ಒಂದು ಕಸುಬಿತ್ತು. ಅವಳು ಕರು ಕಟ್ಟುವವಳು. ಕರು ಸತ್ತರೆ ಎಮ್ಮೆ ಹಾಲಿಳಿಸುವುದಿಲ್ಲ. ಆಗ ಸತ್ತ ಕರುವಿನ ತೊಗಲು ಬಿಡಿಸಿ, ಒಣಗಿಸಿ, ಒಳಗೆ ಹುಲ್ಲು ತುಂಬಿ, ಹೊಲಿದು, ನಾಲ್ಕು ಕೋಲಿನ ಕಾಲು ಕೊಟ್ಟು ತಾಯಿಯ ಮುಂದೆ ನಿಲ್ಲಿಸಬೇಕು. ತಾಯಿ ಮೂಸುತ್ತದೆ, ನೆಕ್ಕುತ್ತದೆ, ಹಾಲಿಳಿಸುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ಗಂಡುಕರುಗಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ಯಾಕೆ ಬದುಕುವುದಿಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ, ಅದಕ್ಕೂ ಸೇರಿಸಿಯೇ ತಪ್ಪಾಯಿತು ಅಂದುಬಿಟ್ಟಿದ್ದೆವಲ್ಲ. ಹೀಗಾಗಿ ಕರು ಕಟ್ಟುವವಳಿಗೆ ಕೈತುಂಬ ಕೆಲಸ. ಅವಳು ಕಟ್ಟಿದ ಕರು ನಿಜದ ಕರುವಿಗಿಂತ ಮೇಲು, ಒದೆಯುವುದಿಲ್ಲ, ಕುಡಿಯುವುದೂ ಇಲ್ಲ ಎಂದು ನಾವು ಹೊಗಳುತ್ತಿದ್ದೆವು.

ಅವಳಿಗೆ ಹೆಣ್ಣುಮಗುವಾಗಿ ಮೂರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಹೊಸದಾಗಿ ಹೊಲಿದ ಕರುವನ್ನು ಹೆಗಲ ಮೇಲೆ ಹೊತ್ತು ತಂದು ಮೂಲೆಯ ಎಮ್ಮೆಯ ಮುಂದೆ ನಿಲ್ಲಿಸಿದಳು. ನಾನು ಸಾಲಿನಲ್ಲಿ ಆರನೆಯವನು, ಎಲ್ಲವನ್ನೂ ನೋಡಿದ್ದೇನೆ. ಎಮ್ಮೆ ಮೂಸಿತು. ಹಣೆಯಿಂದ ಬಾಲದವರೆಗೆ ನೆಕ್ಕಿತು. ಆಮೇಲೆ ಕತ್ತು ನೀಡಿ ಒಂದು ಸಲ ಕೂಗಿತು. ಆ ಕೂಗಿಗೆ ಎಮ್ಮೆಯ ಕೆಚ್ಚಲಷ್ಟೇ ಅಲ್ಲ, ಕರು ಕಟ್ಟುವವಳ ಎದೆಯೂ ಸೋರಿತು. ಕುಪ್ಪಸ ಎರಡೂ ಕಡೆ ಒದ್ದೆಯಾಯಿತು. ಅವಳ ಮಗು ಮನೆಯ ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು. ಅತ್ತದ್ದು ಎಮ್ಮೆ.

ಅವಳು ಸೆರಗು ಎಳೆದುಕೊಂಡಳು. ಎಮ್ಮೆಯ ಕಣ್ಣು ನೋಡಿ "ತಪ್ಪಾಯಿತು" ಎಂದಳು. ದಿನವೂ ಅನ್ನುತ್ತಿದ್ದ ಮಾತೇ. ಆದರೆ ಅಂದ ಮೇಲೆ ಅವಳಿಗೆ ಅಳು ಬಂತು, ತಡೆಯಲಾಗಲಿಲ್ಲ. ಕುಪ್ಪಸಕ್ಕೆ ಚುಚ್ಚಿಕೊಂಡಿದ್ದ, ತೊಗಲು ಹೊಲಿಯುವ ದಬ್ಬಳವನ್ನು ತೆಗೆದು ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿ ಮನೆಗೆ ಹೋದಳು. ಮರುದಿನ ಅವಳು ಸಾಲಿಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

"ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ," ಎಂದು ಅವಳ ಪಕ್ಕದ ಮನೆಯವಳು ನಕ್ಕಳು.

ತಿಂಗಳಾಯಿತು, ಬರಲಿಲ್ಲ. ಆಗ ವಿಷಯ ತಿಳಿಯಿತು. ಅವಳು ಹಾಲು ಬಿಟ್ಟಿದ್ದಾಳೆ. ತುಪ್ಪ, ಮೊಟ್ಟೆ, ಮಾಂಸ, ಜೇನು, ಎಲ್ಲವನ್ನೂ ಬಿಟ್ಟಿದ್ದಾಳೆ. ಪ್ರಾಣಿಯಿಂದ ಏನೂ ತೆಗೆದುಕೊಳ್ಳದವಳು ಪ್ರಾಣಿಗೆ ತಪ್ಪಾಯಿತು ಅನ್ನುವುದೇಕೆ? ಅದಕ್ಕೇ ಅವಳು ಸಾಲಿಗೆ ಬರುತ್ತಿರಲಿಲ್ಲ. ಇದರಲ್ಲಿ ತಿಳಿಯದಿರುವಂಥದ್ದು ಏನೂ ಇಲ್ಲ. ಆದರೆ ನಮಗೆ ಕಂಡದ್ದೇ ಬೇರೆ. ಇಡೀ ಊರು ತಲೆ ತಗ್ಗಿಸಿ ತಪ್ಪಾಯಿತು ಎನ್ನುವಾಗ ಇವಳೊಬ್ಬಳು ಅನ್ನುವುದಿಲ್ಲ. ಅಂದರೆ ಇವಳೊಬ್ಬಳೇ ತಪ್ಪು ಮಾಡದವಳು, ನಾವೆಲ್ಲ ಪಾಪಿಗಳು. ಎಂಥ ಸೊಕ್ಕು ಎಂದುಕೊಂಡೆವು.

ಅವಳು ಯಾರಿಗೂ ಒಂದು ಮಾತು ಹೇಳಿರಲಿಲ್ಲ, ಇದನ್ನು ಆಣೆ ಮಾಡಿ ಹೇಳಬಲ್ಲೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದವರೂ ಇಲ್ಲ. ಊರಿಗೆ ಊರೇ ಹೆಗಲು ಮುಟ್ಟಿಕೊಂಡು ಅವಳ ಜಗಲಿಗೆ ಬಂದು ಕೂತಿತು.

"ನಾನು ಕುಡಿಯೋದು ಬರೀ ಮಜ್ಜಿಗೆ ಕಣಮ್ಮ, ಅದೂ ನೀರೇ ಜಾಸ್ತಿ," ಎಂದಳು ಪಕ್ಕದ ಮನೆಯವಳು. ಯಾರೂ ಕೇಳಿರಲಿಲ್ಲ.

"ಆಯ್ತಕ್ಕ," ಎಂದಳು ಕರು ಕಟ್ಟುವವಳು.

"ಸೊಪ್ಪಿಗೆ ಜೀವ ಇಲ್ವಾ? ಕೀಳುವಾಗ ಅದಕ್ಕೆ ನೋಯಲ್ವಾ?" ಎಂದ ಕಟುಕ. ಸೊಪ್ಪಿನ ಮೇಲೆ ಅವನಿಗೆ ಅಷ್ಟು ಕರುಣೆ ಇದ್ದದ್ದು ನಮಗೆ ಅಂದೇ ಗೊತ್ತಾದದ್ದು.

"ನೋಯುತ್ತೋ ಏನೋ, ನನಗೆ ಗೊತ್ತಿಲ್ಲ. ಎಮ್ಮೆಗೆ ನೋಯೋದು ಗೊತ್ತು."

"ಹುಲಿ ಜಿಂಕೆ ತಿನ್ನಲ್ವಾ ಹಾಗಾದ್ರೆ?" ಇದನ್ನು ಕೇಳಿದವನು ನಾನು. ಒಳ್ಳೆಯ ಪ್ರಶ್ನೆ ಎಂದು ನಾಲ್ಕು ಜನ ತಲೆಯಾಡಿಸಿದರು.

"ತಿನ್ನುತ್ತೆ. ಆದ್ರೆ ಹುಲಿ ಜಿಂಕೆಗೆ ತಪ್ಪಾಯಿತು ಅನ್ನಲ್ಲ," ಎಂದು ಅವಳು ಅಕ್ಕಿ ಆರಿಸುವುದನ್ನು ಮುಂದುವರಿಸಿದಳು.

ಊರ ವೈದ್ಯ ಬಂದು ಆರು ತಿಂಗಳಲ್ಲಿ ನಿನ್ನ ಮೂಳೆ ಹಪ್ಪಳದ ಹಾಗೆ ಮುರಿಯುತ್ತದೆ ಎಂದು ಹೇಳಿ ಹೋದ. ಆಮೇಲೆ ವಾರಕ್ಕೊಂದು ಸಲ ಬಾವಿಯ ಹತ್ತಿರ ನಿಂತು ಅವಳ ನಡಿಗೆ ನೋಡುತ್ತಿದ್ದ. ಅವಳು ಎರಡು ಕೊಡ ನೀರು ಹೊತ್ತು ಎದುರಿಗೇ ಹಾದುಹೋಗುತ್ತಿದ್ದಳು. ಪಾಪ, ವೈದ್ಯನಿಗೆ ಬೇಸರವಾಗುತ್ತಿತ್ತು. ಉಳಿದವರು ಅವಳ ಚಪ್ಪಲಿ ನೋಡಿದರು, ನಾರಿನದು. ಹೊದಿಕೆ ನೋಡಿದರು, ಹತ್ತಿಯದು. ಕೊನೆಗೆ ಒಂದು ದಿನ ತೊಟ್ಟಿಲಿಗೆ ಕಟ್ಟಿದ ಕೆಂಪು ದಾರ ಉಣ್ಣೆಯದೆಂದು ಪಕ್ಕದ ಮನೆಯವಳು ಪತ್ತೆ ಮಾಡಿದಳು. ಊರಿನಲ್ಲಿ ಹಬ್ಬವೇ ಆಯಿತು. ಅವಳು ಬಂದು ನೋಡಿದಳು, ಹೌದಲ್ಲ ಎಂದಳು, ಅದನ್ನು ಬಿಚ್ಚಿ ಹತ್ತಿಯ ದಾರ ಕಟ್ಟಿದಳು. ಆಗ ನಮಗೆ ಇನ್ನೂ ಸಿಟ್ಟು ಬಂತು. ತಪ್ಪು ಸಿಕ್ಕಿದರೆ ತಪ್ಪಾಯಿತು ಅನ್ನಬೇಕು ತಾನೆ? ಬಿಚ್ಚಿಬಿಡುವುದೆಂದರೇನು?

ಇದೆಲ್ಲ ಬಾಯಿಮಾತು, ಇದರಿಂದ ಯಾರ ಮೈಯೂ ಸವೆಯುವುದಿಲ್ಲ. ನಿಜವಾದ ಕಷ್ಟ ಮಗುವಿನ ಹೆಸರಿನದು.

ನಮ್ಮ ಊರಿನಲ್ಲಿ ಹೆಸರು ಸಿಗುವುದು ಕೊಟ್ಟಿಗೆಯಲ್ಲಿ. ಮಗುವಿಗೆ ಒಂಬತ್ತು ತಿಂಗಳು ತುಂಬಿದ ದಿನ ತಾಯಿ ಅದನ್ನು ಎತ್ತಿಕೊಂಡು ಹಗ್ಗದ ಬಳಿ ಬರಬೇಕು. ಮಗುವಿನ ಪರವಾಗಿ ಎಮ್ಮೆಗೆ ತಪ್ಪಾಯಿತು ಎನ್ನಬೇಕು. ಹಾಲಿನ ಒಂದು ಹನಿಯನ್ನು ಮಗುವಿನ ನಾಲಿಗೆಗೆ ಇಡಬೇಕು. ಆಗ ಊರ ಹಿರಿಯ ಹೆಸರನ್ನು ಗಟ್ಟಿಯಾಗಿ ಕೂಗುತ್ತಾನೆ. ಅವನು ಕೂಗಿದ ಹೆಸರನ್ನು ಮಾತ್ರ ಊರು ಕೂಗಬಹುದು. ಹೆಸರು ಸಿಗದ ಮಗುವನ್ನು ಆಟಕ್ಕೆ ಕೂಗುವಂತಿಲ್ಲ, ಊಟಕ್ಕೆ ಕೂಗುವಂತಿಲ್ಲ, ಬಾವಿಕಟ್ಟೆ ಹತ್ತಿದರೂ ಹೆಸರು ಹಿಡಿದು ನಿಲ್ಲಿಸುವಂತಿಲ್ಲ. ನಮ್ಮಲ್ಲಿ ಹೆಸರಿಲ್ಲದೆ ಬದುಕುವುದು ಹಗ್ಗದ ಆಚೆಯವು ಮಾತ್ರ.

ಕರು ಕಟ್ಟುವವಳು ಹೆಸರೊಂದನ್ನು ಮನಸ್ಸಿನಲ್ಲೇ ಆರಿಸಿದ್ದಳು, ತುಂಬೆ ಎಂದು. ಬೇಲಿಯ ಬುಡದಲ್ಲಿ ಯಾರೂ ನೀರು ಹಾಕದೆ ಬೆಳೆಯುವ ಬಿಳಿ ಹೂವಿನ ಹೆಸರು. ತೊಟ್ಟಿಲ ಬಳಿ ಅವಳು ಮೆಲ್ಲಗೆ ಆ ಹೆಸರಿನಿಂದಲೇ ಮಗುವನ್ನು ಮಾತಾಡಿಸುತ್ತಿದ್ದಳು. ಗಂಡನಿಗೂ ಆ ಹೆಸರು ಗೊತ್ತಿತ್ತು. ಅವನು ಕಟ್ಟಳೆಯ ಮನುಷ್ಯ, ಬಾಯಿ ಬಿಡುತ್ತಿರಲಿಲ್ಲ. ಆದರೆ ದಿನ ಹತ್ತಿರ ಬಂದ ಹಾಗೆ ಅವನಿಗೆ ಅನ್ನ ಸೇರದಾಯಿತು.

"ಒಂದೇ ಮಾತು ಕಣೇ. ನಾಲಿಗೆಗೆ ಎಲುಬಿಲ್ಲ, ಅಂದುಬಿಡು," ಎಂದ.

"ಅವತ್ತು ಒಂದ್ಸಲ ಅಂದೆನಲ್ಲ. ಅದೇ ಇನ್ನೂ ಮುಗಿದಿಲ್ಲ."

"ನಾನು ದಿನಕ್ಕೆ ನಲವತ್ತು ಸಲ ಅಂತೀನಿ. ನನಗೇನಾಗಿದೆ?"

"ಏನೂ ಆಗಿಲ್ಲ. ಅದೇ ನನಗೆ ಹೆದರಿಕೆ."

"ಒಂದು ಹನಿ ಹಾಲು. ಒಂದು ಹನಿಗೆ ಎಮ್ಮೆ ಬಡವಾಗುತ್ತಾ?"

"ಎಮ್ಮೆ ಬಡವಾಗಲ್ಲ. ಆ ಹನಿ ಇಳೀಬೇಕಾದ್ರೆ ಯಾರಾದ್ರೂ ಇನ್ನೊಂದು ಕರು ಹೊಲೀಬೇಕಲ್ಲ."

ಹೆಂಡತಿಯ ಮೇಲೆ ಅವನಿಗೆ ಸಿಟ್ಟೂ ಇತ್ತು, ಪ್ರೀತಿಯೂ ಇತ್ತು, ಎರಡನ್ನೂ ಅವನು ಮರೆಮಾಚುತ್ತಿರಲಿಲ್ಲ. ಮರುದಿನ ಊರ ಹಿರಿಯನನ್ನೇ ಮನೆಗೆ ಕರೆತಂದ. ಹಿರಿಯ ಕೆಟ್ಟವನಲ್ಲ. ಜಗಲಿಯ ಮೇಲೆ ಕೂತು, ನೀರು ಕುಡಿದು, ಒಳ್ಳೆಯ ಮಾತಿನಲ್ಲೇ ಕೇಳಿದ.

"ತಪ್ಪಾಯಿತು ಅಂದ್ರೆ ಏನು ಹಿರಿಯರೇ?" ಎಂದಳು ಅವಳು.

"ತಪ್ಪಾಯಿತು ಅಂದ್ರೆ ತಪ್ಪಾಯಿತು ಅಂತ."

"ಇನ್ನು ಮಾಡಲ್ಲ ಅಂತಲೂ ಅಲ್ವಾ?"

ಹಿರಿಯ ನೀರಿನ ಲೋಟ ಕೆಳಗಿಟ್ಟ. "ಅದು ಬೇರೆ ಮಾತು ಮಗಳೇ. ಆ ಮಾತು ನಮ್ಮೂರಲ್ಲಿ ಇಲ್ಲ. ಅದನ್ನ ಸೇರಿಸಿಬಿಟ್ರೆ ನಾಳೆ ಬೆಳಿಗ್ಗೆ ಚೊಂಬು ಹಿಡ್ಕೊಂಡು ಬರೋದು ಹೇಗೆ?" ಎಂದ. ಕೇಳುತ್ತ ನಿಂತ ನಮಗೆಲ್ಲ ಅವನ ಮಾತು ನ್ಯಾಯ ಅನ್ನಿಸಿತು.

ಒಂಬತ್ತು ತಿಂಗಳು ತುಂಬಿದ ದಿನ ಅವಳು ಮಗುವನ್ನು ಎತ್ತಿಕೊಂಡು ಕೊಟ್ಟಿಗೆಗೆ ಬಂದಳು. ಊರೆಲ್ಲ ಸೇರಿತ್ತು. ಬಂದಳಲ್ಲ, ಸೋತಳಲ್ಲ ಎಂದು ಪಕ್ಕದ ಮನೆಯವಳು ನನ್ನ ಕಿವಿಯಲ್ಲಿ ಹೇಳಿದಳು. ಅವಳು ಹಗ್ಗದ ಬಳಿ ನಿಂತು ಹಿರಿಯನ ಕಡೆಗೆ ತಿರುಗಿದಳು.

"ಇವಳು ಇದುವರೆಗೆ ಯಾರದ್ದೂ ಏನೂ ತಗೊಂಡಿಲ್ಲ. ನನ್ನ ಹಾಲು ಕುಡಿದಿದಾಳೆ, ನಾನಾಗೇ ಕೊಟ್ಟಿದೀನಿ. ಈಗ ಗಂಜಿ ಕುಡೀತಾಳೆ. ಇವಳ ಹೆಸರು ಕೂಗಿ," ಎಂದಳು.

"ಆಗಲ್ಲ ಮಗಳೇ," ಎಂದ ಹಿರಿಯ.

ಅವಳ ಮುಖ ಬಿಳಿಚಿತು. ಮಗುವಿಗಾಗಿ ಅವಳು ಏನನ್ನಾದರೂ ಮಾಡುತ್ತಿದ್ದಳು, ಆ ಒಂದನ್ನು ಬಿಟ್ಟು. ನಮಗೂ ಸಂಕಟವಾಯಿತು. ನಾವು ಕಲ್ಲುಮನಸ್ಸಿನವರಲ್ಲ. ಏನೂ ಅರಿಯದ ಮಗುವಿನಿಂದ ಅದರ ಹೆಸರನ್ನೇ ನಾವು ತೆಗೆದುಕೊಳ್ಳುತ್ತಿದ್ದೇವೆ, ಹಾಗೇ ಹೋಗುವುದು ಹೇಗೆ? ಆಗ ಹಿರಿಯನೇ ಮುಂದೆ ಬಂದ. ಮಗುವಿನ ಎದುರು ನಿಂತು, ಅದರ ಕಣ್ಣು ನೋಡಿ, "ತಪ್ಪಾಯಿತು" ಎಂದ. ಅವನ ಹಿಂದೆ ಕಟುಕ ನಿಂತ, ಕಟುಕನ ಹಿಂದೆ ವೈದ್ಯ, ವೈದ್ಯನ ಹಿಂದೆ ಪಕ್ಕದ ಮನೆಯವಳು. ಯಾರೂ ಹೇಳದೆ ಸಾಲು ತಾನಾಗಿ ಆಯಿತು.

ಮಗುವನ್ನು ಮುದ್ದಿಸಲು ಬರುತ್ತಿದ್ದಾರೆಂದು ಅವಳು ಮೊದಲು ತಿಳಿದಿದ್ದಳು. ಮುದ್ದಿಸಲೆಂದೇ ಮಗುವನ್ನು ಸ್ವಲ್ಪ ಮುಂದೆ ಹಿಡಿದಿದ್ದಳು. ಕಟುಕ ರಾಗ ತೆಗೆದಾಗ ಅವಳಿಗೆ ತಿಳಿಯಿತು. ನನ್ನ ಸರದಿ ಬಂದಾಗ ಮಗು ನನ್ನ ಅಂಗಿಯ ಗುಂಡಿ ಹಿಡಿಯಲು ಕೈ ಚಾಚಿತು. ಅದರ ಕಣ್ಣು ನೋಡಿ ನಾನೂ ತಪ್ಪಾಯಿತು ಎಂದೆ. ಎದೆ ಹಗುರಾಯಿತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಸಾಲಿನ ಕೊನೆಯಲ್ಲಿ ಹಾಲು ಹಿಂಡುವವನಿದ್ದ. ಊರಿನಲ್ಲೆಲ್ಲ ಹೆಚ್ಚು ಸಲ ಆ ಮಾತು ಹೇಳಿದ ಬಾಯಿ ಅವನದು. ತನ್ನ ಮಗಳ ಎದುರು ನಿಂತು ಅವನು ಅದನ್ನು ಎಂದಿನಂತೆ, ತಡವರಿಸದೆ, ಹೇಳಿದ. ಅವಳು ಮಗುವಿನ ಮುಖವನ್ನು ತನ್ನ ಹೆಗಲಿಗೆ ತಿರುಗಿಸಿಕೊಂಡು ಮನೆಗೆ ನಡೆದಳು.

ಆಮೇಲೆ ನಾಲ್ಕು ತಿಂಗಳು ಆ ಮಗು ನಮ್ಮ ನಡುವೆ ಹೆಸರಿಲ್ಲದೆ ಬೆಳೆಯಿತು. ತಾಯಿಯ ಸೊಂಟದ ಮೇಲೆ ಬೀದಿಯಲ್ಲಿ ಎದುರಾದರೆ ನಾವು ತಪ್ಪಾಯಿತು ಎಂದು ದಾರಿ ಬಿಡುತ್ತಿದ್ದೆವು. ಮಕ್ಕಳು ಆಟಕ್ಕೆ ಕೂಗಿಕೊಳ್ಳುವಾಗ ಅದು ಒಂದೊಂದು ಹೆಸರಿಗೂ ತಿರುಗಿ ನೋಡುತ್ತಿತ್ತು. ಅದು ಹಾಗೆ ತಿರುಗುವುದನ್ನು ಕಂಡರೆ ತಾಯಿ ಒಳಗೆ ಹೋಗಿಬಿಡುತ್ತಿದ್ದಳು. ಒಂದು ಸಲ ಅವಳು ನಡುಬೀದಿಯಲ್ಲಿ ಕೊಡ ಇಳಿಸಿ ಕೊಟ್ಟಿಗೆಯ ದಿಕ್ಕಿಗೆ ಮುಖ ಮಾಡಿ ನಿಂತದ್ದನ್ನು ನೋಡಿದೆ. ಹೋಗಿ ಆ ಮಾತು ಹೇಳಿಬಿಡುತ್ತಾಳೆ ಎಂದುಕೊಂಡೆ. ಕೊಡ ಎತ್ತಿಕೊಂಡು ಮನೆಗೇ ಹೋದಳು.

ಮುಂದಿನದನ್ನು ಹಾಲು ಹಿಂಡುವವನೇ ನನಗೆ ಹೇಳಿದ್ದು. ಅಂದು ಸಂಜೆ ಅವನು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ. ಮಗು ಆಗಷ್ಟೇ ನಡೆಯಲು ಕಲಿತಿತ್ತು. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಬಾಗಿಲಿಂದ ಅವನು ನೋಡಿದಾಗ ಮಗು ಒಲೆಗೆ ಎರಡು ಹೆಜ್ಜೆ ದೂರದಲ್ಲಿತ್ತು, ಹೆಂಡತಿ ಬೆನ್ನು ಮಾಡಿ ಹಿಟ್ಟು ನಾದುತ್ತಿದ್ದಳು. ಓಡಿದರೂ ಮುಟ್ಟುವಂತಿರಲಿಲ್ಲ.

"ತುಂಬೆ!" ಎಂದು ಕೂಗಿದ.

ಮಗು ನಿಂತಿತು. ತಿರುಗಿ ಅವನನ್ನು ನೋಡಿತು. ಅವನು ಹೋಗಿ ಅದನ್ನು ಎತ್ತಿಕೊಂಡ. ಆಮೇಲೆ ತಾನು ಮಾಡಿದ್ದು ನೆನಪಾಗಿ, ಮಗುವಿನ ಕಣ್ಣು ನೋಡಿ, "ತಪ್ಪಾಯಿತು" ಎಂದ.

"ಪರವಾಗಿಲ್ಲ ಅಂತಿದಾಳೆ," ಎಂದಳು ಹೆಂಡತಿ, ಹಿಟ್ಟಿನ ಕೈಯಲ್ಲೇ ಮಗುವಿನ ಕೆನ್ನೆ ಮುಟ್ಟಿ. "ಇನ್ನೊಂದ್ಸಲ ಕೂಗು ಅಂತಿದಾಳೆ."

ಅವನು ಅಲ್ಲೇ ಕೂತುಬಿಟ್ಟನಂತೆ. ಎಷ್ಟೋ ವರ್ಷಗಳಿಂದ, ದಿನಕ್ಕೆ ನಲವತ್ತು ಸಲ, ಅವನು ಆ ಮಾತು ಹೇಳುತ್ತ ಬಂದಿದ್ದ. ಅದಕ್ಕೆ ಯಾರೂ ಎಂದೂ ಉತ್ತರ ಕೊಟ್ಟಿರಲಿಲ್ಲ. ಉತ್ತರ ಬರುವ ಮಾತು ಅದು ಎಂದೇ ಅವನಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನಾವು ಎಂದಿನಂತೆ ಸಾಲು ನಿಂತೆವು. ಮೊದಲನೆಯವಳು ಪಕ್ಕದ ಮನೆಯವಳು. ತಪ್ಪಾಯಿತು ಎಂದು ಚೊಂಬು ಕೊಟ್ಟಳು. ಹಾಲು ಹಿಂಡುವವನು ಎಮ್ಮೆಯ ಎದುರು ಕೂತು, ಅದರ ಕಣ್ಣು ನೋಡಿ, ತಾನೂ ತಪ್ಪಾಯಿತು ಎಂದ. ಎಂದವನು ಕೆಚ್ಚಲಿಗೆ ಕೈ ಹಾಕಲಿಲ್ಲ. ಕೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತ.

"ಯಾಕೋ, ಏನಾಯ್ತು?" ಎಂದ ಹಿರಿಯ.

"ಉತ್ತರ ಬರಲಿ ಅಂತ ಕೂತಿದೀನಿ."

"ಎಮ್ಮೆ ಉತ್ತರ ಕೊಡುತ್ತೇನೋ?"

"ಗೊತ್ತಿಲ್ಲ. ಇವತ್ತಿನವರೆಗೆ ನಾವ್ಯಾರೂ ಕಾದಿಲ್ಲವಲ್ಲ."

ಕೆಲವರು ನಕ್ಕರು. ಹೆಂಡತಿಯ ಗಾಳಿ ಬಡಿದಿದೆ ಎಂದರು. ಬಿಸಿಲು ಹೆಂಚಿನ ಮೇಲೆ ಬಂತು. ಅವನು ಏಳಲಿಲ್ಲ. ಊರಿಗೆ ಹಾಲು ಹಿಂಡುವವನು ಅವನೊಬ್ಬನೇ, ಬೇರೆ ಯಾರ ಕೈಗೂ ಆ ಎಮ್ಮೆಗಳು ಒಗ್ಗಿರಲಿಲ್ಲ. ಹೀಗಾಗಿ ನಾವೂ ನಿಂತೆವು. ಎಮ್ಮೆ ಅವನನ್ನು ನೋಡುತ್ತಿತ್ತು, ಅವನ ಹೆಗಲ ಮೇಲಿಂದ ನಮ್ಮನ್ನೂ ನೋಡುತ್ತಿತ್ತು. ಅಷ್ಟು ಹೊತ್ತು ಅದರ ಕಣ್ಣು ನೋಡಿ ನಮಗೆ ಅಭ್ಯಾಸವಿರಲಿಲ್ಲ. ಒಂದು ಮಾತು ಹೇಳುವಷ್ಟು ಹೊತ್ತು ನೋಡುವುದು ಬೇರೆ, ಇದು ಬೇರೆ. ಕಟುಕ ನೆಲ ನೋಡತೊಡಗಿದ. ಪಕ್ಕದ ಮನೆಯವಳು ಒಳಗೆ ಕೊಟ್ಟಿದ್ದ ಚೊಂಬನ್ನು ಮೆಲ್ಲಗೆ ವಾಪಸು ಎಳೆದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡಳು.

ಗಂಡ ಇಷ್ಟು ಹೊತ್ತಾದರೂ ಮನೆಗೆ ಬರಲಿಲ್ಲವೆಂದು ಕರು ಕಟ್ಟುವವಳು ಮಗುವನ್ನು ನಡೆಸಿಕೊಂಡು ಬಂದಳು. ಸಾಲು ನೋಡಿ, ಒಳಗೆ ಕೂತವನನ್ನು ನೋಡಿ, ಹಗ್ಗಕ್ಕೆ ಸ್ವಲ್ಪ ದೂರದಲ್ಲೇ ನಿಂತಳು. ಅವಳ ಕೈ ಬಿಟ್ಟಿತು ಮಗು. ಅವನು ಎಮ್ಮೆಯ ಎದುರಿನಿಂದ ಎದ್ದು ಬಾಗಿಲ ಕಡೆ ತಿರುಗಿದ.

"ತುಂಬೆ, ಬಾರವ್ವ," ಎಂದು ಕೂಗಿದ. ಊರ ಹಿರಿಯನ ಎದುರಿಗೆ, ಊರಿನ ಎದುರಿಗೆ, ಗಟ್ಟಿಯಾಗಿ ಕೂಗಿದ.

ನಾವೆಲ್ಲ ಅವನ ಬಾಯನ್ನೇ ನೋಡಿದೆವು. ಕಟ್ಟಳೆ ಮುರಿದವನು ಇನ್ನೇನು ಆ ಮಾತು ಹೇಳುತ್ತಾನೆ, ಹೇಳಿದರೆ ಎಲ್ಲ ಸರಿಹೋಗುತ್ತದೆ. "ಅಂದುಬಿಡಪ್ಪ," ಎಂದು ಹಿರಿಯ ಮೆಲ್ಲಗೆ ನೆನಪಿಸಿದ. ಅವನು ಅನ್ನಲಿಲ್ಲ. ಮಗು ಹಗ್ಗದ ಕೆಳಗೆ ನುಸುಳಿ ಹೋಗಿ ಅವನ ಕಾಲು ತಬ್ಬಿಕೊಂಡಿತು. ಕರು ಕಟ್ಟುವವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

ನನ್ನ ಬಾಯಿಗೆ ಆ ಮಾತು ಬಂತು. ಮಗುವಿಗೆ ಹೇಳಬೇಕಿತ್ತು, ಅವಳಿಗೆ ಹೇಳಬೇಕಿತ್ತು, ಎಮ್ಮೆಗೂ ಹೇಳಬೇಕಿತ್ತು. ಹೇಳಿದರೆ ಚೊಂಬನ್ನು ಕೆಳಗಿಡಬೇಕಾಗುತ್ತದೆ ಎಂದು ಈಗ ನನಗೆ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ.